ನೀರು ಕುಡಿದು ಎಣ್ಣೆ ಕೊಟ್ಟ ಗಾಡಿ

ನೂರ ಹದಿನೆಂಟು ಮನೆಗಳ ಆ ಬಡಾವಣೆಯಲ್ಲಿ ಜನ ವಾಸವಾಗಿದ್ದದ್ದು ನಾಲ್ಕೇ ಮನೆಗಳಲ್ಲಿ. ಉಳಿದ ನೂರ ಹದಿನಾಲ್ಕರಲ್ಲಿ ಮಂಜು ವಾಸವಾಗಿತ್ತು. ಬೆಳಗಿನ ಜಾವ ಗಾಜಿಲ್ಲದ ಕಿಟಕಿಗಳಿಂದ ಒಳಗೆ ಹೋಗಿ, ಹತ್ತು ಗಂಟೆಯ ಹೊತ್ತಿಗೆ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಬಾಡಿಗೆದಾರರಿಗೂ ಅಷ್ಟು ಶಿಸ್ತು ಇರುವುದಿಲ್ಲ. ಕಟ್ಟಿಸಿದ ಕಂಪನಿ ಗೋಡೆ ಎಬ್ಬಿಸಿತ್ತು, ಬಾಗಿಲು ಕೂರಿಸಿತ್ತು, ಪ್ರತಿ ಮನೆಯ ಹಣೆಗೂ ನಂಬರ್ ಬರೆಸಿತ್ತು. ಅಷ್ಟರಲ್ಲಿ ಅದಕ್ಕೆ ಏದುಸಿರು ಬಂದು ಕೂತುಬಿಟ್ಟಿತ್ತು.

ಈ ಮನೆಗಳನ್ನು ದಿನಕ್ಕೊಂದು ಸಲ ಸುತ್ತಿ, ನಿನ್ನೆ ಇದ್ದ ಬಾಗಿಲು ಇವತ್ತೂ ಇದೆಯೇ ಎಂದು ನೋಡಿ ಬರೆದಿಡುವುದು ಸೂಪರ್‌ವೈಜರನ ಕೆಲಸ. ಅದಕ್ಕೆ ಬಂದವನೇ ನಮ್ಮ ಗೊತ್ತಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಆದರೆ ಯಾರು ಏನು ಕೇಳಿದರೂ, ಕೇಳಿ ಮುಗಿಸುವ ಮೊದಲೇ "ಗೊತ್ತು, ಗೊತ್ತು" ಅನ್ನುವ ಚಾಳಿ ಅವನಿಗೆ ಹಲ್ಲು ಬಂದಾಗಲೇ ಬಂದಿದ್ದರಿಂದ, ಹೆಂಡತಿಯ ತವರಿನವರೂ ಸೇರಿ ಲೋಕವೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು.

ಕೆಲಸದ ಸಂದರ್ಶನ ಮೂರು ನಿಮಿಷದಲ್ಲಿ ಮುಗಿದಿತ್ತು.

"ಎಟಿವಿ, ಅಂದ್ರೆ ನಾಲ್ಕು ಚಕ್ರದ ಬೈಕ್‌ ಥರದ ಗಾಡಿ, ಓಡಿಸೋಕೆ ಬರುತ್ತಾ?"

"ಗೊತ್ತು ಸಾರ್."

"ಇಂಜಿನ್ ಕೆಲಸ?"

"ಗೊತ್ತು ಸಾರ್."

"ಹಿಂದಿನ ಸೂಪರ್‌ವೈಜರ್ ಏನಾದ್ರು ಅಂತ..."

"ಗೊತ್ತು ಸಾರ್, ಗೊತ್ತು."

ಗೊತ್ತಿರಲಿಲ್ಲ. ಗೊತ್ತು ಅಂದವನಿಗೆ ಮತ್ತೆ ಹೇಳುವ ತಾಪತ್ರಯ ಯಾರಿಗೆ? ಹಾಗಾಗಿ ಗೊತ್ತಪ್ಪ ಹೆಂಡತಿಯನ್ನೂ ಪಾತ್ರೆಪಗಡಗಳನ್ನೂ ಕಟ್ಟಿಕೊಂಡು ಬಂದು ಮನೆ ಸೇರಿದ ಮೂರನೇ ದಿನ, ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡಿನ ಆಚೆಯಿಂದ ಹೇಳಿದಾಗಲೇ ಅವನಿಗೆ ವಿಷಯ ತಿಳಿದದ್ದು. ಡಾಕ್ಟರು ನಿವೃತ್ತರು, ಒಂಟಿ. ಕೆಲಸ ಬಿಟ್ಟರೂ ಹಲ್ಲು ಕೀಳುವ ಕುರ್ಚಿಯನ್ನು ಬಿಡಲಾರದೆ ನಡುಮನೆಯಲ್ಲಿ ಇಟ್ಟುಕೊಂಡು ಅದರ ಮೇಲೇ ಪೇಪರ್ ಓದುತ್ತಿದ್ದರು.

"ನೀವು ಕೂರ್ತೀರಲ್ಲ, ಅದೇ ಗಾಡಿ ಮೇಲೆ ಕಣ್ರೀ," ಅಂದರು ಅವರು. "ಎಂಬತ್ತೊಂದನೇ ನಂಬರ್ ಮನೆ ಮುಂದೆ. ಕೂತಲ್ಲೇ ಹೋಗಿದ್ರು. ಎರಡು ಕೈಯೂ ಹ್ಯಾಂಡಲ್ ಮೇಲೆ. ಇಂಜಿನ್ ಇನ್ನೂ ಓಡ್ತಾನೇ ಇತ್ತು."

"ಅಯ್ಯೋ! ಯಾರು ನೋಡಿದ್ದು?"

"ನಾನೇ. ನಾಡಿ ಹಿಡಿದು ನೋಡಿದೆ."

"ಹಲ್ಲಿನ ಡಾಕ್ಟರು ನಾಡಿ ನೋಡ್ತೀರಾ?"

"ಆಮೇಲೆ ಬಾಯಿ ನೋಡಿದೆ. ಒಣಗಿ ಹೋಗಿತ್ತು, ಪಾಪ." ಡಾಕ್ಟರು ತಮ್ಮ ಕನ್ನಡಕ ಒರೆಸಿಕೊಂಡರು. "ಹೃದಯ ನಿಂತಿತ್ತು. ಹೆದರಿಕೊಳ್ಳೋಂಥದ್ದು ಏನಿಲ್ಲ. ಎಲ್ಲದಕ್ಕೂ ಒಂದು ಕಾರಣ ಅಂತ ಇದ್ದೇ ಇರುತ್ತೆ."

ಆ ಹಳೇ ಸೂಪರ್‌ವೈಜರರ ಹೆಂಡತಿ ಮೂರನೆಯ ಮನೆಯಲ್ಲೇ ಉಳಿದಿದ್ದಳು. ಅರುವತ್ತರ ಹೆಂಗಸು. ಚಳಿಗೆ ಬಿಳಿ ಶಾಲು ಹೊದ್ದು ಹಿತ್ತಲಲ್ಲಿ ನಿಂತರೆ ಮಂಜು ಯಾವುದು, ಅಮ್ಮ ಯಾರು ಅನ್ನುವುದು ತಿಳಿಯುತ್ತಿರಲಿಲ್ಲ. ಯಾರ ಹತ್ತಿರವೂ ಮಾತಿಲ್ಲ. ನಾಲ್ಕನೆಯ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದಾರಂತೆ. ನಸುಕಿಗೇ ಕೆಲಸಕ್ಕೆ ಹೋಗುವ ಅವರನ್ನು ನೋಡಿದವರಿಲ್ಲ. ಅವರು ಒಣಹಾಕಿದ ಅಂಗಿಗಳನ್ನು ನೋಡಿದವರಿದ್ದಾರೆ.

ಇನ್ನು ಗಾಡಿ. ನಾಲ್ಕು ದಪ್ಪ ಚಕ್ರ, ಬೈಕಿನ ಹಾಗೆ ಆಚೆ ಈಚೆ ಕಾಲು ಹಾಕಿ ಕೂರುವ ಸೀಟು, ಕೆಸರು ದಿಣ್ಣೆ ಯಾವುದಕ್ಕೂ ಜಗ್ಗದ ಮೈ. ಮೊದಲ ದಿನ ಗೊತ್ತಪ್ಪ ಅದನ್ನು ಹಿಂದಕ್ಕೆ ಓಡಿಸಿ ಹೂವಿನ ಕುಂಡ ಒಡೆದ, ಎರಡನೇ ದಿನ ಮುಂದಕ್ಕೆ ಓಡಿಸಿ ಗೇಟು ಒಡೆದ, ಮೂರನೇ ದಿನಕ್ಕೆ ಇಬ್ಬರಿಗೂ ಹೊಂದಾಣಿಕೆ ಆಯಿತು. ಎರಡು ವಾರ ಏನೂ ಆಗಲಿಲ್ಲ.

ಮೂರನೇ ವಾರ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ನೀರು ಕೆಳಗೆ ಇಳಿದಿತ್ತು. ಅರ್ಧ ಲೋಟ ಹಾಕಿದ. ಮಾರನೇ ದಿನ ನೋಡಿದರೆ ಆ ಅರ್ಧ ಲೋಟ ಇಲ್ಲ. ಮತ್ತೆ ಹಾಕಿದ, ಮತ್ತೆ ಇಲ್ಲ. ಗಾಡಿಯ ಕೆಳಗೆ ಹಳೇ ಪೇಪರ್ ಹಾಸಿಟ್ಟ. ಸಂಜೆ ತೆಗೆದು ನೋಡಿದರೆ ಪೇಪರ್ ಗರಿಗರಿಯಾಗಿ ಒಣಗಿತ್ತು. ಅದಕ್ಕಿಂತ ಹೆಚ್ಚಾಗಿ, ಸುತ್ತಾಟ ಮುಗಿಸಿ ಇಂಜಿನ್ ಆರಿಸಿದ ಮೇಲೆ ಗಾಡಿಯ ಹೊಟ್ಟೆಯೊಳಗಿಂದ ಒಂದು ಸದ್ದು ಬರುತ್ತಿತ್ತು: ಗುಳಕ್. ಸ್ವಲ್ಪ ಬಿಟ್ಟು ಇನ್ನೊಂದು, ಗುಳಕ್. ಯಾರೋ ಸಾವಕಾಶವಾಗಿ, ಗಂಟಲು ಎತ್ತಿ ನೀರು ಕುಡಿದ ಹಾಗೆ.

ಅವನ ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಸೋರಿಲ್ಲ, ಚೆಲ್ಲಿಲ್ಲ. ಹಾಗಾದ್ರೆ ನೀರು ಎಲ್ಲಿಗೆ ಹೋಯ್ತು ರೀ?"

"ಗೊತ್ತು."

"ಗೊತ್ತಿದ್ರೆ ಹೇಳಿ."

ಗೊತ್ತಪ್ಪ ಒಂದು ಕ್ಷಣ ಆಕಾಶ ನೋಡಿದ. "ಕುಡಿಯುತ್ತೆ ಕಣೇ. ದಿನಾ ಅಷ್ಟು ದೂರ ತಿರುಗಿ ಬಂದ್ರೆ ಬಾಯಾರಿಕೆ ಆಗಲ್ವಾ?"

ಕಾಂಪೌಂಡಿನ ಆಚೆ ಏನೋ ಬಿದ್ದ ಸದ್ದಾಯಿತು. ನೋಡಿದರೆ ಮೂರನೇ ಮನೆಯ ಅಮ್ಮ. ಕೈಯಲ್ಲಿದ್ದ ಬಕೆಟ್ಟು ಬಿದ್ದು ಉರುಳುತ್ತಿತ್ತು. ಇವರು ಬಂದ ಮೇಲೆ ಮೊದಲ ಸಲ ಅವಳು ಬಾಯಿ ಬಿಟ್ಟಳು.

"ಎಷ್ಟು ಕುಡೀತಾರೆ?"

ಅವಳು 'ಕುಡೀತಾರೆ' ಅಂದದ್ದನ್ನು ಗಂಡ ಹೆಂಡತಿ ಇಬ್ಬರೂ ಕೇಳಿಸಿಕೊಂಡರು. ಮಂಜಿನಲ್ಲಿ ಇಬ್ಬರ ಬೆನ್ನಿಗೂ ಒಟ್ಟಿಗೆ ಚಳಿ ಹತ್ತಿತು.

"ಅ... ಅರ್ಧ ಲೋಟ ಅಮ್ಮಾ," ಅಂದ ಗೊತ್ತಪ್ಪ.

ಅವಳು ತಲೆ ಆಡಿಸಿ ಒಳಗೆ ಹೋದಳು. ಮಾರನೇ ಬೆಳಿಗ್ಗೆ ಗೊತ್ತಪ್ಪ ಶೆಡ್ಡಿಗೆ ಹೋಗುವಷ್ಟರಲ್ಲಿ ಅವಳು ಬಿಳಿ ಶಾಲು ಹೊದ್ದು, ಕೈಯಲ್ಲಿ ತಂಬಿಗೆ ಹಿಡಿದು, ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಅವನು ಮುಚ್ಚಳ ತೆಗೆದ. ಅವಳು ಒಂದು ಹನಿ ಚೆಲ್ಲದ ಹಾಗೆ ಹೊಯ್ದಳು. "ನಿಧಾನ. ನಿಧಾನವಾಗಿ ಕುಡೀರಿ," ಅಂದಳು. ಗೊತ್ತಪ್ಪನಿಗಲ್ಲ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಹೀಗೇ. ತಮಾಷೆ ಏನೆಂದರೆ, ಅಮ್ಮ ದಿನದಿಂದ ದಿನಕ್ಕೆ ಚೇತರಿಸಿಕೊಂಡಳು. ಗೊತ್ತಪ್ಪನ ಹೆಂಡತಿಯ ಹತ್ತಿರ ಹರಟೆಗೆ ಬಂದಳು, ಮೂರು ಹೊತ್ತು ಊಟ ಮಾಡಿದಳು. ಒಂದು ದಿನ ತಾನಾಗೇ ಹೇಳಿದಳು. ಆ ಬೆಳಿಗ್ಗೆ ಗಂಡ ಹೊರಡುವಾಗ ನೀರು ಕೇಳಿದ್ದರಂತೆ. ಹಿಂದಿನ ದಿನದ ಯಾವುದೋ ಜಗಳದ ಬಿಸಿ ಇನ್ನೂ ಆರಿರಲಿಲ್ಲ. "ಕೈ ಇಲ್ವಾ? ಬಗ್ಗಿಸಿಕೊಂಡು ಕುಡೀರಿ," ಅಂದಿದ್ದಳಂತೆ. ಅವರು ಕುಡಿಯದೆ ಹೊರಟುಹೋದರಂತೆ. ಇಷ್ಟು ಹೇಳಿ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಈಗಲಾದ್ರೂ ಕುಡೀತಿದ್ದಾರಲ್ಲ," ಅಂದಳು. ಇದನ್ನು ಕೇಳಿದ ಮೇಲೆ, ಗಾಡಿಗೆ ಬೇರೆ ಏನೋ ಆಗಿರಬಹುದು ಅನ್ನುವ ಧೈರ್ಯ ಯಾರಿಗಿದೆ?

ಇಷ್ಟರಲ್ಲಿ ಇನ್ನೊಂದು ಅದ್ಭುತ ನಡೆಯಿತು. ಗೊತ್ತಪ್ಪ ಇಂಜಿನ್ ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದ. ಎಣ್ಣೆ ಕಡಿಮೆಯಾಗಿರಲಿಲ್ಲ, ಜಾಸ್ತಿಯಾಗಿತ್ತು! ಗೆರೆ ದಾಟಿ ಎರಡು ಬೆರಳು ಮೇಲೆ. ಬಣ್ಣವೂ ಕಪ್ಪಲ್ಲ. ಹಾಲು ಹೆಚ್ಚಾದ ಕಾಫಿಯ ಹಾಗೆ, ಮೇಲೆ ನೊರೆ ಬೇರೆ.

"ನೋಡೇ ಇಲ್ಲಿ! ಲೋಕದಲ್ಲಿ ಎಲ್ಲರ ಗಾಡೀನೂ ಎಣ್ಣೆ ತಿನ್ನುತ್ತೆ. ನಮ್ಮದು ಎಣ್ಣೆ ಕೊಡುತ್ತೆ!"

"ಎಣ್ಣೆ ಯಾವತ್ತಾದ್ರೂ ಕಾಫಿ ಬಣ್ಣ ಇರುತ್ತೇನ್ರೀ?"

"ಗೊತ್ತು. ಇದು ಎಳೇ ಎಣ್ಣೆ. ಬಲಿತ ಮೇಲೆ ಕಪ್ಪಾಗುತ್ತೆ."

ಹೀಗೆ ಶಾಸ್ತ್ರ ಹೇಳಿ, ಕೆಳಗಿನ ನಟ್ಟು ಸಡಿಲಿಸಿ ಹೆಚ್ಚಾದ ಎಣ್ಣೆಯನ್ನು ಡಬ್ಬಕ್ಕೆ ಇಳಿಸಿಕೊಂಡ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ತುಂಬಿತ್ತು. ಡಬ್ಬ ತುಂಬಿದ ಮೇಲೆ, ಇಷ್ಟು ಎಣ್ಣೆ ಏನು ಮಾಡುವುದು? ಕಂಪನಿಯ ಗಾಡಿಯ ಎಣ್ಣೆ ಕಂಪನಿಯ ಬಾಗಿಲುಗಳಿಗೇ ಸಲ್ಲಲಿ ಎಂದು, ಸುತ್ತಾಟಕ್ಕೆ ಹೋದಾಗ ಒಂದು ಕಡ್ಡಿಗೆ ಬಟ್ಟೆ ಸುತ್ತಿ ಅದ್ದಿ ಅದ್ದಿ ಖಾಲಿ ಮನೆಗಳ ಬಾಗಿಲ ಕೀಲುಗಳಿಗೆಲ್ಲ ಹಚ್ಚಿದ. ಹಲ್ಲಿನ ಡಾಕ್ಟರ ಗೇಟಿಗೂ ಒಂದಿಷ್ಟು ಹಚ್ಚಿದ. ಉಪಕಾರ.

ಒಂದು ವಾರ ಕಳೆಯಿತು. ಆಮೇಲೆ ಬಾಗಿಲುಗಳು ಅಳಲು ಶುರು ಮಾಡಿದವು.

ಮೊದಲು ಹದಿನೇಳನೇ ನಂಬರು. ಆಮೇಲೆ ನಲವತ್ತು, ನಲವತ್ತೆರಡು. ಮಂಜಿನೊಳಗಿಂದ ಗಾಳಿ ಬೀಸಿದಾಗಲೆಲ್ಲ ಒಂದು ಮನೆ ನರಳಿದರೆ ಆಚೆ ಬೀದಿಯ ಮನೆ ಓಗೊಡುತ್ತಿತ್ತು. ಕೀರಲಲ್ಲ, ಕಿರುಚಾಟವಲ್ಲ. ಮುದುಕರು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಬರುತ್ತದಲ್ಲ, ಅಂಥ ನರಳಾಟ. ಗೊತ್ತಪ್ಪ ಸುತ್ತಾಟದ ವೇಗ ಹೆಚ್ಚಿಸಿದ. ಬಾಗಿಲುಗಳನ್ನು ದೂರದಿಂದಲೇ ಎಣಿಸತೊಡಗಿದ. ಎಂಬತ್ತೊಂದರ ಮುಂದೆ ಕಣ್ಣು ಮುಚ್ಚಿಕೊಂಡು ಹೋಗಿ ಎಂಬತ್ತೆರಡರ ಮೆಟ್ಟಿಲು ಹತ್ತಿಸಿದ.

ಡಾಕ್ಟರು ತಮ್ಮ ಗೇಟಿನ ಅಳು ಕೇಳಿಕೊಂಡು, "ಎಲ್ಲದಕ್ಕೂ ಒಂದು ಕಾರಣ ಇರುತ್ತೆ," ಅಂದರು. ಕಾರಣ ಏನು ಅಂತ ಮಾತ್ರ ಹೇಳಲಿಲ್ಲ. ಸಂಜೆ ಆರಕ್ಕೇ ಬಾಗಿಲು ಹಾಕಿಕೊಳ್ಳತೊಡಗಿದರು.

ಇಂಥ ಶುಭ ಸಂದರ್ಭದಲ್ಲೇ ಕಂಪನಿಯ ಆಫೀಸರು ತಪಾಸಣೆಗೆ ಬಂದರು. ಸಣ್ಣ ಮನುಷ್ಯ, ದೊಡ್ಡ ಫೈಲು. ಕಾರಿನಿಂದ ಇಳಿಯುತ್ತಲೇ ಕಿವಿ ನಿಮಿರಿಸಿದರು.

"ಏನ್ರೀ ಅದು ಸದ್ದು?"

"ಗೊತ್ತು ಸಾರ್, ಬಾಗಿಲುಗಳು. ಎಣ್ಣೆ ಹಚ್ಚಿದ್ದೀನಿ."

"ಎಣ್ಣೆ ಹಚ್ಚಿದ ಮೇಲೆ ಹೀಗಾ?"

"ಮೊದಲು ಸದ್ದೇ ಇರಲಿಲ್ಲ ಸಾರ್."

ಆಫೀಸರು ಮಾತು ಬದಲಿಸಿ ಗಾಡಿ ತೋರಿಸಿ ಅಂದರು. ಗೊತ್ತಪ್ಪ ಹುಮ್ಮಸ್ಸಿನಿಂದ ಅಳತೆಕಡ್ಡಿ ಎಳೆದು ತೋರಿಸಿ, ಇದು ತಾನೇ ಎಣ್ಣೆ ತಯಾರಿಸುವ ಗಾಡಿ, ಕಂಪನಿಯವರು ಮನಸ್ಸು ಮಾಡಿದರೆ ಮನೆ ಕಟ್ಟುವುದನ್ನು ಬಿಟ್ಟು ಇದನ್ನೇ ವ್ಯಾಪಾರ ಮಾಡಬಹುದು ಎಂದು ವಿವರಿಸಿದ. ಆಫೀಸರು ಕಾಫಿ ಬಣ್ಣದ ಆ ನೊರೆಯನ್ನೇ ದಿಟ್ಟಿಸುತ್ತಿರುವಾಗ, ಅವರ ಬೆನ್ನ ಹಿಂದೆ ಮಂಜು ಎರಡಾಗಿ ಬಿಳಿ ಶಾಲಿನ ಆಕೃತಿ ಬಂತು. ಹೆಜ್ಜೆಯ ಸದ್ದಿಲ್ಲ. ಆಫೀಸರ ಪಕ್ಕದಿಂದಲೇ ಕೈ ಚಾಚಿ ಮುಚ್ಚಳ ತಿರುಗಿಸಿತು. ನೀರು ಹೊಯ್ದಿತು.

"ಇವತ್ತು ತಡ ಆಯ್ತು. ಕೋಪ ಮಾಡ್ಕೋಬೇಡಿ. ಕುಡೀರಿ."

ಗಾಡಿ ಅಂದಿತು: ಗುಳಕ್.

ಆಫೀಸರ ಪೆನ್ನು ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವರು ಬಗ್ಗಲಿಲ್ಲ. ಆಕೃತಿ ಮರಳಿ ಮಂಜಿನಲ್ಲಿ ಸೇರಿಹೋದ ಮೇಲೆ, ಗೊತ್ತಪ್ಪನ ಜೇಬಿನಿಂದ ಪೆನ್ನು ಕಿತ್ತುಕೊಂಡು ಫೈಲು ಬಿಡಿಸಿದರು. 'ವಾಹನದ ಸ್ಥಿತಿ' ಎಂಬಲ್ಲಿ ಉತ್ತಮ, ಸಾಧಾರಣ, ಕೆಟ್ಟಿದೆ, ಇತರೆ ಎಂದು ನಾಲ್ಕು ಚೌಕಗಳಿದ್ದವು. ಬಹಳ ಯೋಚಿಸಿ 'ಇತರೆ'ಗೆ ಗುರುತು ಹಾಕಿದರು.

"ಒಂದು ವಾರ ಟೈಮು," ಅಂದರು ಕಾರಿನ ಒಳಗಿಂದ, ಗಾಜನ್ನು ಒಂದು ಬೆರಳಷ್ಟೇ ಇಳಿಸಿ. "ಮೆಕ್ಯಾನಿಕ್ ಕರೆಸಿ ರಿಪೋರ್ಟ್ ಕಳಿಸಿ. ಇಲ್ಲದಿದ್ರೆ ಗಾಡಿ ವಾಪಸ್ ತಗೋತೀವಿ. ಗಾಡೀನೇ ಇಲ್ಲದ ಮೇಲೆ ಸೂಪರ್‌ವೈಜರ್ ಯಾಕೆ ಅಂತ ಮೇಲಿನವರು ಕೇಳ್ತಾರೆ."

ಕೆಲಸ ಹೋದರೆ ಮನೆಯೂ ಹೋಗುತ್ತದೆ. ಗೊತ್ತಪ್ಪನ ಹೆಂಡತಿ ಅವನಿಗಾಗಿ ಕಾಯಲಿಲ್ಲ. ಕಲ್ಲುಕ್ವಾರಿಯ ಯಂತ್ರಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಹೆಂಗಸಿಗೆ ತಾನೇ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು: ನೀರು ಇಳಿಯುವುದು, ಎಣ್ಣೆ ಏರುವುದು, ಕಾಫಿ ಬಣ್ಣ, ಗುಳಕ್. ಆ ಕಡೆಯಿಂದ, "ಬರ್ತೀನಿ. ಅಲ್ಲೀವರೆಗೂ ಯಾರೂ ಅದನ್ನ ಸ್ಟಾರ್ಟ್ ಮಾಡಬೇಡಿ," ಎಂಬ ಎರಡೇ ಮಾತು ಬಂತು.

ಮಾರನೇ ದಿನ ಅವಳು ಬಂದಾಗ ಶೆಡ್ಡಿನ ಮುಂದೆ ಸಭೆಯೇ ಸೇರಿತ್ತು: ಗೊತ್ತಪ್ಪ, ಹೆಂಡತಿ, ಡಾಕ್ಟರು, ತಂಬಿಗೆ ಹಿಡಿದ ಅಮ್ಮ. ಮೆಕ್ಯಾನಿಕ್ ಯಾರನ್ನೂ ಮಾತಾಡಿಸಲಿಲ್ಲ. ಅಳತೆಕಡ್ಡಿ ಎಳೆದಳು. ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿದಳು. ಮೂಸಿದಳು.

"ಇದರಲ್ಲಿ ನೀರಿದೆ. ರೇಡಿಯೇಟರ್ ನೀರು."

"ಗೊತ್ತು," ಅಂದ ಗೊತ್ತಪ್ಪ.

"ಗೊತ್ತಿದ್ದೂ ಓಡಿಸಿದ್ರಾ?"

ಗೊತ್ತಪ್ಪ ಗಾಡಿಯ ಸೀಟಿನ ಧೂಳು ಒರೆಸತೊಡಗಿದ.

ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು, ತಣ್ಣಗಿದ್ದ ಇಂಜಿನ್ನನ್ನು ಒಂದೆರಡು ನಿಮಿಷ ಮಾತ್ರ ಓಡಿಸಿ, ನೀರಿನ ಮೇಲೇ ಕಣ್ಣಿಟ್ಟು ಕೂತಳು. "ಗುಳ್ಳೆ ಬರ್ತಿಲ್ಲ. ಮೇಲಿನ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ತಲೆ ಕೆಳಗಿನ ತಗಡು, ಹೋಗಿದ್ರೆ ಇಲ್ಲಿ ಕುದಿಯೋ ಪಾತ್ರೆ ಥರ ಗುಳ್ಳೆ ಏಳ್ತಿತ್ತು." ಹಿಂದಿನ ಕೊಳವೆಯ ಬಿಳಿ ಹೊಗೆ ನೋಡಿದಳು. ಅದು ಸ್ವಲ್ಪ ಹೊತ್ತಿಗೆ ತಿಳಿಯಾಯಿತು. "ಇದು ಬರೀ ಚಳಿ ಹೊಗೆ." ಆಮೇಲೆ ಇಂಜಿನ್ ಆರಿಸಿ, ರೇಡಿಯೇಟರ್ ಬಾಯಿಗೆ ಮುಳ್ಳಿನ ಮೀಟರ್ ಇದ್ದ ಒಂದು ಕೈಪಂಪು ಕೂರಿಸಿ ಗಾಳಿ ಒತ್ತಿದಳು. ಎಲ್ಲರೂ ಬಗ್ಗಿ ನೋಡಿದರು. ಮುಳ್ಳು ನಿಧಾನವಾಗಿ, ಯಾರೋ ಬೆರಳಲ್ಲಿ ಒತ್ತಿದಂತೆ, ಕೆಳಗೆ ಇಳಿಯಿತು. ನೆಲದ ಮೇಲೆ ಒಂದು ಹನಿಯಿಲ್ಲ.

"ಹೊರಗೆ ಬರ್ತಿಲ್ಲ. ಅಂದ್ರೆ ಒಳಗೇ ಹೋಗ್ತಿದೆ."

"ಒಳಗೆ ಯಾರಿದ್ದಾರೆ?" ಅಂದಳು ಅಮ್ಮ, ಬಹಳ ಮೆಲ್ಲಗೆ.

ಮೆಕ್ಯಾನಿಕ್ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದಳು. ದನಿ ತಗ್ಗಿಸಿದಳು. "ನೀರಿನ ಪಂಪು ಇದೆ ಅಮ್ಮಾ. ಒಂದು ಕಡೆ ನೀರು, ಇನ್ನೊಂದು ಕಡೆ ಎಣ್ಣೆ, ನಡುವೆ ಎರಡು ಸೀಲು, ರಬ್ಬರ್ ಬಳೆ ಥರದ್ದು. ಗಾಡಿ ತಿಂಗಳುಗಟ್ಟಲೆ ನಿಂತಿದ್ರೆ ನೀರಿನ ಕಡೆ ಸೀಲು ಒಣಗಿ ಹೋಗುತ್ತೆ. ಹಾಗಾದಾಗ ಗೊತ್ತಾಗ್ಲಿ ಅಂತಲೇ ಎರಡರ ನಡುವೆ, ಕೆಳಗಡೆ ಒಂದು ಸಣ್ಣ ತೂತು ಬಿಟ್ಟಿರ್ತಾರೆ. ನೀರು ಅಲ್ಲಿಂದ ತೊಟ್ಟಿಕ್ಕಬೇಕು. ಇಲ್ಲಿ ಯಾಕೆ ತೊಟ್ಟಿಕ್ಕಿಲ್ಲ ಅನ್ನೋದೇ ನನಗೆ ಅರ್ಥ ಆಗ್ತಿಲ್ಲ. ತೂತು ಕಣ್ಣಿಗೆ ಬೀಳ್ತಾನೂ ಇಲ್ಲ."

ಆಗ ಡಾಕ್ಟರ ಮುಖ ಅರಳಿತು. ಓಡಿಹೋಗಿ, ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನೂ ಹಲ್ಲು ಕೆದಕುವ ಕೊಕ್ಕೆಯನ್ನೂ ತಂದರು. ವರ್ಷಗಳ ಮೇಲೆ ಒಂದು ಬಾಯಿ ಸಿಕ್ಕ ಹಾಗಾಗಿತ್ತು ಅವರಿಗೆ. ನೆಲದ ಮೇಲೆ ಅಂಗಾತ ಮಲಗಿ ಕನ್ನಡಿಯನ್ನು ಪಂಪಿನ ಅಡಿಗೆ ತೂರಿಸಿ, "ಹ್ಞಾ... ಹ್ಞಾ... ಸ್ವಲ್ಪ ಬೆಳಕು," ಅಂದರು.

"ತೂತು ಕಾಣ್ತಿದೆಯಾ ಡಾಕ್ಟ್ರೇ?"

"ತೂತೆಲ್ಲಿ? ಯಾರೋ ಫಿಲ್ಲಿಂಗ್ ಮಾಡಿಬಿಟ್ಟಿದ್ದಾರೆ!"

ಕೊಕ್ಕೆಯಿಂದ ಮೀಟಿದರು. ಅಂಗಿಯ ಗುಂಡಿಯಷ್ಟಗಲದ, ಗಟ್ಟಿಯಾದ ಬೂದು ಬಣ್ಣದ ಮೇಣದಂಥ ಒಂದು ಬಿಲ್ಲೆ ಟಕ್ಕೆಂದು ಕಿತ್ತು ಬಂತು. ಅದರ ಹಿಂದೆಯೇ ನೀರು: ತೊಟ್, ತೊಟ್, ತೊಟ್. "ಕೆಲಸ ಚೆನ್ನಾಗಿದೆ," ಅಂದರು ಡಾಕ್ಟರು, ಬಿಲ್ಲೆಯನ್ನು ಬೆಳಕಿಗೆ ಹಿಡಿದು. "ಸ್ವಲ್ಪ ಜಾಸ್ತಿ ತುಂಬಿದ್ದಾರೆ, ಅಷ್ಟೇ. ಅರೆ... ಇದರ ಮೇಲೆ ಹೆಬ್ಬೆಟ್ಟಿನ ಗುರುತಿದೆ ನೋಡಿ. ನಡುವೆ ಅಡ್ಡಕ್ಕೆ ಒಂದು ಗಾಯದ ಗೆರೆ."

"ಹೀಗೆ ಮುಚ್ಚಿದ್ದಕ್ಕೇ ನೀರಿಗೆ ಹೊರಗೆ ದಾರಿ ಇಲ್ಲದೆ ಎಣ್ಣೆಗೆ ನುಗ್ಗಿರೋದು," ಅಂದಳು ಮೆಕ್ಯಾನಿಕ್. "ನೀರು ಕಡಿಮೆ ಆದ ಜಾಗದಲ್ಲಿ ಗಾಳಿ ಸೇರಿಕೊಂಡು ಗುಳಕ್ ಅಂತಿದೆ. ಯಾರು ಮುಚ್ಚಿದ್ದು ಇದನ್ನ?"

ಎಲ್ಲರೂ ಗೊತ್ತಪ್ಪನ ಕಡೆ ನೋಡಿದರು.

"ಗೊತ್ತಿಲ್ಲ," ಅಂದ ಗೊತ್ತಪ್ಪ.

ಅವನ ಹೆಂಡತಿ ಗಾಬರಿಯಾಗಿ ಬಂದು ಹಣೆ ಮುಟ್ಟಿ ನೋಡಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಅಮ್ಮ ಮುಂದೆ ಬಂದು ಆ ಬಿಲ್ಲೆಯನ್ನು ಡಾಕ್ಟರ ಕೈಯಿಂದ ತೆಗೆದುಕೊಂಡಳು. ಗುರುತಿನ ಮೇಲೆ ಬೆರಳಾಡಿಸಿದಳು. "ಇದು ಅವರದೇ," ಅಂದಳು. "ಮನೇಲಿ ಒಂದು ನಲ್ಲಿ ತೊಟ್ಟಿಕ್ಕಿದ್ರೂ ಅವರಿಗೆ ತಡೀತಿರಲಿಲ್ಲ. ಅವರದೇ ಹೆಬ್ಬೆಟ್ಟು." ಅವಳು ಅದನ್ನು ಶಾಲಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದಳು.

ಮೆಕ್ಯಾನಿಕ್ ಹೊಸ ಸೀಲುಗಳನ್ನು ಫೋನಿನಲ್ಲಿ ಕೇಳಿದಾಗಲೇ ಊಹಿಸಿ ತಂದಿದ್ದಳು. ಮಧ್ಯಾಹ್ನದವರೆಗೂ ಬಿಚ್ಚಿ, ಕೂರಿಸಿ, ಕಾಫಿ ಎಣ್ಣೆ ಚೆಲ್ಲಿ, ಹೊಸ ಎಣ್ಣೆ ಹಾಕಿ, ಓಡಿಸಿ, ಅದನ್ನೂ ಚೆಲ್ಲಿ, ಹೀಗೆ ಮೂರು ಸಲ ತೊಳೆದಳು. "ನಾಳೆ ಇಡೀ ದಿನ ಮೆತ್ತಗೆ ಓಡಿಸಿ. ಇಳಿಜಾರಲ್ಲಿ ಇಂಜಿನ್ ಆರಿಸಿ ಹಾಗೇ ಬಿಡಿ. ಇನ್ನು ಆ ಬಾಗಿಲುಗಳು ಅಳೋದಕ್ಕೆ ಕಾರಣ ಬೇಕಾ? ನೀರು ಬೆರೆತ ಎಣ್ಣೆ ಹಚ್ಚಿದ್ರೆ ಕೀಲು ತುಕ್ಕು ಹಿಡೀದೆ ಇನ್ನೇನಾಗುತ್ತೆ?" ಅಂದು ಹೊರಟುಹೋದಳು.

ಎಲ್ಲಾ ಸುಸೂತ್ರ ಮುಗಿಯಿತು ಅನ್ನುವಾಗ, ಸಂಜೆ ಅಡುಗೆಮನೆಯಲ್ಲಿ ಬಗ್ಗಿ ಕಸದ ಬುಟ್ಟಿ ಎಳೆಯುತ್ತಿದ್ದ ಹೆಂಡತಿ ಹಾಗೇ ನಿಂತಳು.

"ರೀ. ಸ್ವಲ್ಪ ಬನ್ನಿ ಇಲ್ಲಿ."

ಗೊತ್ತಪ್ಪ ಹೋಗಿ ಸಿಂಕಿನ ಕೆಳಗೆ ತಲೆ ತೂರಿಸಿದ. ಬಂದ ದಿನ ಪೈಪು ಸೋರುತ್ತಿದ್ದಾಗ ಅವನೇ ಮೆತ್ತಿದ್ದ ಬೂದು ಬಣ್ಣದ ಅಂಟು ಅಲ್ಲಿ ಗಟ್ಟಿಯಾಗಿತ್ತು. ಅದರ ಮೇಲೆ ಸಾಲಾಗಿ ಐದು ಹೆಬ್ಬೆಟ್ಟು. ಐದರ ನಡುವೆಯೂ ಅಡ್ಡಕ್ಕೆ ಒಂದು ಗೆರೆ. ಗೊತ್ತಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ಎಂದೋ ಡಬ್ಬದ ಮುಚ್ಚಳ ಕುಯ್ದ ಗಾಯದ ಗೆರೆ ಅಲ್ಲೇ ಇತ್ತು.

"ಮಿಕ್ಕಿದ್ದು ಒಣಗಿ ಹಾಳಾಗುತ್ತೆ ಅಂತ ಉಂಡೆ ಮಾಡ್ಕೊಂಡು ಹೊರಗೆ ಹೋದ್ರಲ್ಲ. ಎಲ್ಲಿಗೆ ಮೆತ್ತಿದ್ರಿ?"

ಆಗ ನೆನಪಾಯಿತು. ಶೆಡ್ಡಿನಲ್ಲಿ ಗಾಡಿಯ ಕೆಳಗೆ ಒಂದು ಹನಿ ಕಂಡಿತ್ತು. ಬೆರಳಾಡಿಸಿ ತೂತು ಹುಡುಕಿ, ಮೆತ್ತಿ, ಕೈ ತೊಳೆದುಕೊಂಡಿದ್ದ. ಅಷ್ಟೇ. ಆ ದಿನ ಅವನು ಹೀಗೆ ಹದಿನಾಲ್ಕು ರಿಪೇರಿ ಮಾಡಿದ್ದ.

"ಅಯ್ಯೋ ದೇವರೇ," ಅಂದ ಗೊತ್ತಪ್ಪ. "ಅದನ್ನ ಅಮ್ಮ ತಗೊಂಡು ಹೋಗಿದ್ದಾರೆ."

"ಬರೀ ತಗೊಂಡು ಹೋಗಿಲ್ಲ. ಯಜಮಾನರ ಫೋಟೋ ಮುಂದೆ ಇಟ್ಟಿದ್ದಾರೆ. ಆಗಲೇ ನೋಡಿ ಬಂದೆ. ದೀಪ ಹಚ್ಚಿದ್ದಾರೆ."

ಬದುಕಿರುವವನ ಹೆಬ್ಬೆಟ್ಟು ಸತ್ತವರ ಫೋಟೋದ ಮುಂದೆ, ದೀಪದ ಎದುರು! ಗೊತ್ತಪ್ಪನಿಗೆ ಹೆಬ್ಬೆರಳು ಜುಮ್ಮೆಂದಿತು. ಕೈಯಿಂದ ಅದೊಂದು ಬೆರಳು ಆಗಲೇ ಆಚೆ ಲೋಕಕ್ಕೆ ಹೊರಟ ಹಾಗೆ. "ನಾನು ಹೇಳಲ್ಲ ಕಣೇ. ಪಾಪ, ಸಮಾಧಾನವಾಗಿದ್ದಾರೆ."

"ಸರಿ. ನಾಳೆ ಅವರು ತಂಬಿಗೆ ಹಿಡ್ಕೊಂಡು ಬರ್ತಾರೆ. ರೇಡಿಯೇಟರ್ ತುಂಬಿರುತ್ತೆ. ತಮ್ಮ ಯಜಮಾನರು ಮತ್ತೆ ಕೋಪ ಮಾಡ್ಕೊಂಡು ನೀರು ಬಿಟ್ಟರು ಅಂದ್ಕೋತಾರೆ. ಅದು ಸರೀನಾ?"

ಸರಿಯಲ್ಲ. ಬೆಳಿಗ್ಗೆ ಗೊತ್ತಪ್ಪ ಗಾಡಿಯನ್ನು ಮೆತ್ತಗೆ ಓಡಿಸಿಕೊಂಡು ಅಮ್ಮನ ಬಾಗಿಲಿಗೇ ಹೋದ. ಅವಳು ತಂಬಿಗೆ ತುಂಬಿಕೊಂಡು ಹೊರಡುವುದರಲ್ಲಿದ್ದಳು. ಗೊತ್ತಪ್ಪ ಮಾತಾಡದೆ ತನ್ನ ಹೆಬ್ಬೆರಳನ್ನು ಅವಳ ಮುಖದ ಮುಂದೆ ಹಿಡಿದ. ಅವಳಿಗೆ ಅರ್ಥವಾಗಲಿಲ್ಲ. ಒಳಗೆ ಹೋಗಿ, ಫೋಟೋದ ಮುಂದಿನ ಬಿಲ್ಲೆಯ ಮೇಲೆ ಬೆರಳು ಇಟ್ಟು ತೋರಿಸಿದ. ಅಚ್ಚಿನಲ್ಲಿ ಕೂತ ಹಾಗೆ ಕೂತಿತು.

"ತಪ್ಪಾಯ್ತು ಅಮ್ಮಾ. ಮುಚ್ಚಿದ್ದು ನಾನು. ಮರೆತಿದ್ದೆ. ಆ ಗಾಡೀಲಿ ಯಾರೂ ಇರಲಿಲ್ಲ."

ಅಮ್ಮ ಬಹಳ ಹೊತ್ತು ಫೋಟೋ ನೋಡಿದಳು. ಆಮೇಲೆ ಬಿಲ್ಲೆಯನ್ನು ನೋಡಿದಳು. ಆಮೇಲೆ ಗೊತ್ತಪ್ಪನನ್ನು.

"ಅಂದ್ರೆ ಇಷ್ಟು ದಿನ ನಾನು ನಿಮ್ಮ ಹೆಬ್ಬೆಟ್ಟಿಗೆ ನೀರು ಕುಡಿಸಿದ್ದಾ?"

ಗೊತ್ತಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ.

"ಆ ನೀರೆಲ್ಲ ಎಲ್ಲಿಗೆ ಹೋಯ್ತು?"

"ಎಣ್ಣೆಗೆ ಹೋಯ್ತು. ಆ ಎಣ್ಣೇನ ಬಾಗಿಲುಗಳಿಗೆ ಹಚ್ಚಿಬಿಟ್ಟೆ."

"ಎಂಬತ್ತೊಂದಕ್ಕೂ?"

"ಅದಕ್ಕೂ."

ಅವಳು ಶಾಲು ಸರಿಮಾಡಿಕೊಂಡಳು. "ನಡೀರಿ. ನೋಡಬೇಕು."

ಗಂಡ ಹೋದ ಮೇಲೆ ಅವಳು ಆ ಬೀದಿಗೆ ಕಾಲಿಟ್ಟಿರಲಿಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಒಂದು ಕಡೆಗೆ ಕೂತು, ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಮಂಜಿನಲ್ಲಿ ಮನೆಗಳು ಒಂದೊಂದಾಗಿ ಮೂಡಿ ಒಂದೊಂದಾಗಿ ಮರೆಯಾದವು. ಎಂಬತ್ತೊಂದರ ಮುಂದೆ ಗಾಡಿ ನಿಂತಿತು. ಅವಳು ಮೆಟ್ಟಿಲು ಹತ್ತಿ ಅರೆ ತೆರೆದ ಬಾಗಿಲನ್ನು ತಳ್ಳಿದಳು.

ಬಾಗಿಲು ಅಂದಿತು: "ಏ... ಇ...ವ...ಳೇ..."

ಗೊತ್ತಪ್ಪನ ಮೈಯ ಕೂದಲೆಲ್ಲ ಎದ್ದು ನಿಂತಿತು. ತುಕ್ಕು, ಬರೀ ತುಕ್ಕು ಅಂತ ತನಗೆ ತಾನೇ ಹೇಳಿಕೊಂಡ. ತುಕ್ಕಿಗೆ ಇಷ್ಟು ಸ್ಪಷ್ಟ ಉಚ್ಚಾರಣೆ ಎಲ್ಲಿಂದ ಬಂತು?

ಅಮ್ಮ ಅಲ್ಲಾಡಲಿಲ್ಲ. ಬಾಗಿಲನ್ನು ಎಳೆದಳು. "ಇ...ವ...ಳೇ..." ಮತ್ತೆ ತಳ್ಳಿದಳು.

"ಸರಿಯಾಗಿ ಹೀಗೇ," ಅಂದಳು. "ಮೂಲೇಲಿ ಕೂತು ಹೀಗೇ ಎಳೆದು ಎಳೆದು ಕರೀತಿದ್ರು. ನೀರು ಬೇಕಾದ್ರೆ, ಕನ್ನಡಕ ಬೇಕಾದ್ರೆ, ಏನೂ ಬೇಡದೇ ಇದ್ರೂ." ಬಾಗಿಲು ಇನ್ನೊಮ್ಮೆ ಕರೆಯಿತು. "ಬಂದೆ," ಅಂದಳು ಅವಳು. ಎಳೆದಳು. "ಬಂದೆ ರೀ." ತಳ್ಳಿದಳು. "ಬಂದೆ ಅಂದ್ನಲ್ಲ." ಅವಳು ಹತ್ತು ಸಲ ಕರೆಸಿಕೊಂಡಳು, ಹತ್ತು ಸಲವೂ ಉತ್ತರ ಕೊಟ್ಟಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಗೊತ್ತಪ್ಪ ಮಂಜಿನ ಕಡೆ ತಿರುಗಿ ನಿಂತುಕೊಂಡ.

ಆಮೇಲೆ ಅವಳು ಕಣ್ಣೊರೆಸಿಕೊಂಡು ಬಂದು ಗಾಡಿ ಹತ್ತಿದಳು. "ಈ ಕೀಲಿಗೆ ಮಾತ್ರ ಒಳ್ಳೇ ಎಣ್ಣೆ ಹಚ್ಚಬೇಡಿ," ಅಂದಳು. "ಉಳಿದವಕ್ಕೆ ಹಚ್ಚಿ. ಅವರೆಲ್ಲ ಯಾರನ್ನ ಕರೀತಿದ್ದಾರೋ, ಅವರು ಇಲ್ಲಿಲ್ಲ."

ವಾಪಸ್ ಬರುವಾಗ ಇಳಿಜಾರು. ಮೆಕ್ಯಾನಿಕ್ ಹೇಳಿದ್ದು ನೆನಪಾಗಿ ಗೊತ್ತಪ್ಪ ಇಂಜಿನ್ ಆರಿಸಿದ. ಗಾಡಿ ಸದ್ದಿಲ್ಲದೆ ಮಂಜಿನಲ್ಲಿ ತೇಲಿಕೊಂಡು ಇಳಿಯಿತು. ಅದೇ ಹೊತ್ತಿಗೆ ಹಲ್ಲಿನ ಡಾಕ್ಟರು, ಬಾಗಿಲುಗಳ ಅಳುವಿಗೆ ಕಾರಣ ಸಿಕ್ಕ ಧೈರ್ಯದ ಮೇಲೆ, ಎಷ್ಟೋ ದಿನಗಳ ನಂತರ ಬೆಳಗಿನ ವಾಕಿಂಗಿಗೆ ಹೊರಟಿದ್ದರು. ತಿರುವಿನಲ್ಲಿ ಅವರಿಗೆ ಕಂಡದ್ದು ಇಷ್ಟು: ಹಳೇ ಸೂಪರ್‌ವೈಜರರ ಗಾಡಿ, ಇಂಜಿನ್ ಸದ್ದಿಲ್ಲ, ಮುಂದೆ ಒಬ್ಬ ಗಂಡಸು, ಹಿಂದೆ ತಂಬಿಗೆ ಹಿಡಿದ ಬಿಳಿಯ ಹೆಂಗಸು.

"ನಮಸ್ಕಾರ ಡಾಕ್ಟ್ರೇ!" ಅಂದ ಗೊತ್ತಪ್ಪ.

ಎಪ್ಪತ್ತೆರಡರ ಮುದುಕರು ಅಷ್ಟು ವೇಗವಾಗಿ ಓಡಬಲ್ಲರು ಎಂದು ಯಾವ ವೈದ್ಯಶಾಸ್ತ್ರದಲ್ಲೂ ಬರೆದಿರಲಿಕ್ಕಿಲ್ಲ. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಗೊತ್ತಪ್ಪ ಅವರ ಮನೆ ಮುಂದೆ ಗಾಡಿ ನಿಲ್ಲಿಸಿ, ಚಪ್ಪಲಿ ಹಿಡಿದು ಬಾಗಿಲು ತಟ್ಟಿದ.

"ಡಾಕ್ಟ್ರೇ, ಬಾಗಿಲು ತೆಗೀರಿ."

ಆಮೇಲೆ ಒಳಗಿಂದ ಸಣ್ಣ ದನಿ: "ಯಾರದು?"

"ನಾನು, ಸೂಪರ್‌ವೈಜರ್."

"ಯಾವ ಸೂಪರ್‌ವೈಜರ್?"

"ಈಗಿನವನು ಡಾಕ್ಟ್ರೇ!"

"ಒಬ್ಬರೇ ಬಂದಿದ್ದೀರಾ?"

ಗೊತ್ತಪ್ಪ ಹಿಂತಿರುಗಿ ನೋಡಿದ. ಬೆಳಿಗ್ಗೆಯಷ್ಟೇ ನಿಜ ಹೇಳುವ ರುಚಿ ಹತ್ತಿತ್ತು. "ಇಲ್ಲ, ಇಬ್ಬರಿದ್ದೀವಿ."

ಒಳಗೆ ಚಿಲಕ ಬಿದ್ದ ಸದ್ದು ಕೇಳಿಸಿತು. ಇನ್ನೊಂದು ಚಿಲಕ. ಆಮೇಲೆ ಹಲ್ಲು ಕೀಳುವ ಆ ಭಾರದ ಕುರ್ಚಿಯನ್ನು ನೆಲದ ಮೇಲೆ ಎಳೆದು ತಂದು ಬಾಗಿಲಿಗೆ ಒತ್ತಿದ ಸದ್ದು.

ಗಾಡಿಯ ಮೇಲೆ ಕೂತಿದ್ದ ಅಮ್ಮ ನಕ್ಕಳು. ಮೊದಲು ಶಾಲಿನ ಒಳಗೇ ನಕ್ಕಳು. ಆಮೇಲೆ ತಡೆಯಲಾರದೆ, ತಂಬಿಗೆಯ ನೀರೆಲ್ಲ ಮಡಿಲಿಗೆ ಚೆಲ್ಲುವ ಹಾಗೆ, ಬಾಯಿ ತೆರೆದು ನಕ್ಕಳು. ಆ ನಗು ಬೀದಿಗಿಳಿದು, ಗಾಜಿಲ್ಲದ ಕಿಟಕಿಗಳನ್ನು ಹೊಕ್ಕು, ಹದಿನೇಳರಿಂದ ಒಂದು ದನಿಯಾಗಿ, ನಲವತ್ತರಿಂದ ಇನ್ನೊಂದಾಗಿ, ಕಾಣದ ಬೀದಿಗಳಿಂದ ಹತ್ತಾರಾಗಿ ತಿರುಗಿ ಬಂತು. ನೂರ ಹದಿನಾಲ್ಕು ಮನೆಗಳಲ್ಲೂ ಹೆಂಗಸರು ಸೇರಿ ನಗುತ್ತಿದ್ದಾರೆ ಅನ್ನಬೇಕು, ಹಾಗಿತ್ತು.

ಒಳಗೆ ಡಾಕ್ಟರು ಮೂರನೇ ಚಿಲಕ ಎಲ್ಲಿದೆ ಎಂದು ಹುಡುಕುತ್ತಿದ್ದರು.